100 ಎಕ್ಸ್ ಆಬ್ಜೆಕ್ಟಿವ್ ಕಚ್ಚಿಕೊಂಡಾಗ

ಶ್ರಾವಣದ ಹೊತ್ತಿಗೆ ಕಾರವಾರದ ಮನೆಗಳಲ್ಲಿ ಚಪ್ಪಲಿ, ಬೆಲ್ಟು, ಕಪಾಟಿನ ಪುಸ್ತಕ ಎಲ್ಲಕ್ಕೂ ಬೂಷ್ಟು ಹಿಡಿದಿರುತ್ತದೆ. ಒರೆಸಿ ಬಿಸಿಲಿಗಿಟ್ಟರೆ ಅವುಗಳ ಕಥೆ ಮುಗಿಯಿತು. ಅದೇ ಬೂಷ್ಟು ಸೂಕ್ಷ್ಮದರ್ಶಕದ 100 ಎಕ್ಸ್ ಆಬ್ಜೆಕ್ಟಿವ್‌ನೊಳಗೆ, ಎಂದರೆ ನೂರು ಪಟ್ಟು ಹಿಗ್ಗಿಸುವ, ಸ್ಲೈಡಿನ ಕಡೆಯ ಮಸೂರದ ಕೊಳವೆಯೊಳಗೆ, ಹೊಕ್ಕರೆ ಒರೆಸಲು ಕೈ ಹೋಗುವುದಿಲ್ಲ. ಜೇಡರ ಬಲೆಯಂತೆ ಹರಡುವ ಅದರ ಎಳೆಗಳು ಆಮ್ಲ ಸ್ರವಿಸುತ್ತವೆ. ಆ ಆಮ್ಲ ಮೊದಲು ಮಸೂರದ ಲೇಪವನ್ನು, ಆಮೇಲೆ ಗಾಜನ್ನೇ ಕೊರೆಯುತ್ತದೆ. ಬೂಷ್ಟು ಸತ್ತ ಮೇಲೂ ಆ ಕೊರೆತ ಉಳಿಯುತ್ತದೆ.

ಕರಾವಳಿಯಲ್ಲಿ ಇದರ ಜೊತೆಗೆ ಉಪ್ಪೂ ಸೇರಿಕೊಳ್ಳುತ್ತದೆ. ಕಾಳಿ ಅಳಿವೆಯ ನೀರಿನ ಹನಿಯನ್ನು ಸ್ಲೈಡಿಗೆ ಹಾಕಿ ಪ್ಲವಕ (ನೀರಲ್ಲಿ ತೇಲುವ ಸೂಕ್ಷ್ಮಜೀವಿಗಳು) ಹುಡುಕುವಾಗ ಮೇಲೆ ಮುಚ್ಚಿದ ತೆಳು ಗಾಜಾದ ಕವರ್‌ಸ್ಲಿಪ್ಪಿನ ಅಂಚಿನಿಂದ ಜಿನುಗಿದ ನೀರು ಆಬ್ಜೆಕ್ಟಿವ್‌ಗೆ ತಾಗುತ್ತದೆ. ಒಳಗಿರುವುದು ಹಿತ್ತಾಳೆ. ಮೇಲಿನ ಕ್ರೋಮಿಯಂ ಲೇಪ ಎಲ್ಲಿ ಸವೆದಿದೆಯೋ ಅಲ್ಲಿ ಕಿಲುಬು ಏಳುತ್ತದೆ. ತಿರುಪಿನ ಥ್ರೆಡ್‌ನಲ್ಲಿ ಹಳೆಯ ಗ್ರೀಸ್ ಅಂಟಾಗಿ ಗಟ್ಟಿಯಾಗಿರುತ್ತದೆ, ಸ್ಲೈಡಿಗೂ ಮಸೂರಕ್ಕೂ ನಡುವೆ ಹಾಕುವ, ಮೇಲಕ್ಕೇರಿದ ಇಮ್ಮರ್ಶನ್ ಎಣ್ಣೆಯೂ ಅಲ್ಲೇ ಕೂತಿರುತ್ತದೆ. ನಾಲ್ಕಾರು ಮಳೆಗಾಲ ಹೀಗೇ ಕಳೆದರೆ ಆಬ್ಜೆಕ್ಟಿವ್ ತನ್ನನ್ನು ಹಿಡಿದಿರುವ ತಿರುಗುವ ತಟ್ಟೆಯಾದ ನೋಸ್‌ಪೀಸನ್ನು ಕಚ್ಚಿಕೊಂಡುಬಿಡುತ್ತದೆ. ಘಟ್ಟದ ಮೇಲಿನ ಶಿರಸಿಯಲ್ಲಿ ಉಪ್ಪಿನ ಕಾಟವಿಲ್ಲ. ಆದರೆ ಅಡಕೆಗೆ ಕೊಳೆರೋಗ ಬರುವ ತಿಂಗಳುಗಳಲ್ಲಿ ಮಸೂರಕ್ಕೂ ಬೂಷ್ಟು ಬರುವುದು ತಪ್ಪಿದ್ದಲ್ಲ.

ಇಂಥ ಆಬ್ಜೆಕ್ಟಿವನ್ನು ಕಳಚಿ ಬದಲಿಸುವ ಮೊದಲು ಹಾಳಾದದ್ದು ಅದೇ ಹೌದೋ ಎಂದು ನೋಡಬೇಕು. ಕಣ್ಣಿಟ್ಟು ನೋಡುವ ಐಪೀಸನ್ನು ಬೆರಳಲ್ಲಿ ತಿರುಗಿಸಿದಾಗ ಕಲೆಯೂ ತಿರುಗಿದರೆ ಕೊಳೆ ಐಪೀಸಿನದು. ಸ್ಲೈಡ್ ಸರಿಸಿದಾಗ ಸರಿದರೆ ಸ್ಲೈಡಿನದು. ಆಬ್ಜೆಕ್ಟಿವ್‌ನ ಕೊಳೆ ಫೋಕಸಿನಲ್ಲಿ ಇರುವುದಿಲ್ಲವಾದ್ದರಿಂದ ಕಲೆಯಾಗಿ ಕಾಣದೆ ಇಡೀ ಚಿತ್ರಕ್ಕೆ ಮಂಜು ಕವಿಸುತ್ತದೆ. 10 ಮತ್ತು 40 ಎಕ್ಸ್‌ನಲ್ಲಿ ಚೊಕ್ಕವಾಗಿದ್ದು 100ರಲ್ಲಿ ಮಾತ್ರ ಮಂಜಾಗಿದ್ದರೆ ಅನುಮಾನ ಗಟ್ಟಿ. ಆಗ ಐಪೀಸನ್ನು ಹೊರತೆಗೆದು ತಿರುಗಾಮುರುಗಾ ಹಿಡಿದರೆ ಒಳ್ಳೆಯ ಭೂತಗನ್ನಡಿ ಸಿಗುತ್ತದೆ. ಅದರಲ್ಲಿ ಮುಂಭಾಗದ ಮಸೂರವನ್ನು ನೋಡಿ. ಕಾಣುವುದು ಬರೀ ಒಣಗಿದ ಎಣ್ಣೆಯೂ ಇರಬಹುದು. ಹಳೇ ಕಾಲದ ಸೀಡರ್ ಎಣ್ಣೆಯಂತೂ ರಾಳದಂತೆ ಗಟ್ಟಿಯಾಗುತ್ತದೆ. ಲೆನ್ಸ್ ಪೇಪರಿಗೆ ಒಂದೇ ಹನಿ ಜೈಲೀನ್ ದ್ರಾವಕ ಹಾಕಿ ಒರೆಸಿ, ಒಡನೆ ಒಣ ಪೇಪರಿನಿಂದ ಇನ್ನೊಮ್ಮೆ ಒರೆಸಬೇಕು. ಸತ್ತಿತು ಎಂದುಕೊಂಡ ಎಷ್ಟೋ ಆಬ್ಜೆಕ್ಟಿವ್‌ಗಳು ಇಲ್ಲೇ ಎದ್ದು ಕೂರುತ್ತವೆ. ಆದರೆ ಜೈಲೀನ್‌ನಲ್ಲಿ ಅದ್ದಿಡಬಾರದು. ಮಸೂರಗಳನ್ನು ಜೋಡಿಸಿದ ಅಂಟು ಕರಗಿ, ಅಂಚಿನಿಂದ ಕಾಮನಬಿಲ್ಲಿನ ಬಣ್ಣ ಏಳತೊಡಗಿದರೆ ಅದಕ್ಕೆ ಮದ್ದಿಲ್ಲ.

ಒರೆಸಿದರೂ ಮಂಜು ಹೋಗಲಿಲ್ಲ, ಮುಂಭಾಗದ ಮಸೂರ ಬಿರಿದಿದೆ, ಅಥವಾ ಎಳೆಗಳು ಒಳಗೇ ಇವೆ ಎಂದಾದರೆ ಕಳಚಲೇಬೇಕು. ಇಲ್ಲಿ ಒಂದು ಮಾತು ನೆನಪಿರಲಿ. ಆಬ್ಜೆಕ್ಟಿವ್ ಹೇಗೂ ಹೋಯಿತು, ಈಗ ಕಾಪಾಡಬೇಕಾದದ್ದು ನೋಸ್‌ಪೀಸನ್ನು. ಅದರ ಥ್ರೆಡ್ ಕಿತ್ತುಹೋದರೆ, ಅಥವಾ 'ಟಕ್' ಎಂದು ನಿಲ್ಲಿಸುವ ಒಳಗಿನ ಗುಂಡು ಜಾಗ ತಪ್ಪಿದರೆ, ಚೆನ್ನಾಗಿರುವ ಉಳಿದ ಆಬ್ಜೆಕ್ಟಿವ್‌ಗಳೂ ಕೇಂದ್ರ ತಪ್ಪುತ್ತವೆ.

ದೀಪ ಆರಿಸಿ, ಪ್ಲಗ್ ಕಿತ್ತು, ಬಿಸಿ ಆರಲು ಬಿಡಿ. ಸ್ಲೈಡ್ ತೆಗೆದು, ಅದನ್ನು ಇಡುವ ಸ್ಟೇಜನ್ನು ಪೂರ್ತಿ ಕೆಳಗಿಳಿಸಿ, ಮೇಲೆ ಮಡಚಿದ ಬಟ್ಟೆ ಹಾಸಿ. ನೋಸ್‌ಪೀಸ್ ತಿರುಗಿಸಿ ಆಬ್ಜೆಕ್ಟಿವ್ ಕೈಗೆ ಸಲೀಸಾಗಿ ಸಿಗುವಂತೆ ಮಾಡಿಕೊಳ್ಳಿ. ಬಿಚ್ಚುವ ದಿಕ್ಕು, ಮಸೂರದ ಮೂತಿಯ ಕಡೆಯಿಂದ ನೋಡಿದಾಗ, ಗಡಿಯಾರದ ಮುಳ್ಳಿಗೆ ವಿರುದ್ಧ. ಮೇಲಿನಿಂದ ಬಗ್ಗಿ ನೋಡುವವರಿಗೆ ಅದು ಮುಳ್ಳಿನ ದಿಕ್ಕಾಗಿಯೇ ಕಾಣುತ್ತದೆ. ಬಿಚ್ಚಲು ಹೋಗಿ ಇನ್ನಷ್ಟು ಬಿಗಿಮಾಡುವವರು ಎಡವುವುದು ಇಲ್ಲಿ.

ಹಿಡಿಯಬೇಕಾದದ್ದು ಮೇಲ್ಭಾಗದ ತರಿತರಿ ಪಟ್ಟಿಯನ್ನು. ಕೆಳಗಿನ ಸ್ಪ್ರಿಂಗ್ ಇರುವ ಮೂತಿ ಹಿಡಿದು ತಿರುಗಿಸಿದರೆ ಅದೊಂದೇ ಬಿಚ್ಚಿ ಬಂದು, ಉಳಿದರ್ಧ ನೋಸ್‌ಪೀಸಿನಲ್ಲೇ ಕೂರುತ್ತದೆ. ಇಕ್ಕಳ ಬೇಡವೇ ಬೇಡ. ತೆಳು ಹಿತ್ತಾಳೆ ಕೊಳವೆಯನ್ನು ಎರಡು ಬದಿಯಿಂದ ಅದುಮಿದರೆ ಅದು ಮೊಟ್ಟೆಯಾಕಾರಕ್ಕೆ ತಿರುಗಿ, ಥ್ರೆಡ್‌ನ ಎರಡು ಕಡೆ ಒತ್ತಿಕೊಂಡು ಇನ್ನೂ ಗಟ್ಟಿಯಾಗಿ ಕಚ್ಚುತ್ತದೆ. ಬಲ ಸುತ್ತಲೂ ಸಮನಾಗಿ ಬೀಳಬೇಕು. ಹಳೇ ಸೈಕಲ್ ಟ್ಯೂಬಿನ ಎರಡು ಬೆರಳಗಲದ ಪಟ್ಟಿ ಸುತ್ತಿ ಹಿಡಿದರೆ ಅದಕ್ಕಿಂತ ಒಳ್ಳೆಯ ಸಾಧನ ಬೇಕಿಲ್ಲ. ಇನ್ನೊಂದು ಕೈ ನೋಸ್‌ಪೀಸನ್ನು ಅಲ್ಲಾಡದಂತೆ ಹಿಡಿದಿರಲಿ.

ಆದರೂ ಕದಲದಿದ್ದರೆ ಹೇರ್ ಡ್ರೈಯರ್‌ನಿಂದ ಗೇಣು ದೂರದಿಂದ, ಲೋಹ ಕೈಗೆ ಸಹಿಸುವಷ್ಟು ಬಿಸಿ ಮಾಡಬಹುದು. ಬಿಸಿಗೆ ಲೋಹ ಹಿಗ್ಗಿ ಸಡಿಲವಾಗುತ್ತದೆ ಎಂಬ ವಿವರಣೆ ಅರ್ಧ ಸತ್ಯ. ನೋಸ್‌ಪೀಸ್ ಅಲ್ಯೂಮಿನಿಯಂನದೇ ಆಗಿದ್ದು 25 ಡಿಗ್ರಿ ಬಿಸಿ ಏರಿದರೂ, 20 ಮಿಲಿಮೀಟರ್ ವ್ಯಾಸದ ಥ್ರೆಡ್‌ನಲ್ಲಿ ಹಿತ್ತಾಳೆಗೂ ಅದಕ್ಕೂ ಆಗುವ ವ್ಯತ್ಯಾಸ ಸುಮಾರು 2 ಮೈಕ್ರಾನ್. ಗಟ್ಟಿಯಾದ ಗ್ರೀಸನ್ನು ಮೆತ್ತಗೆ ಮಾಡುವುದೇ ಬಿಸಿಯ ನಿಜವಾದ ಕೆಲಸ. ಅದೂ ಸಾಲದಾದರೆ ಹಲ್ಲುಕಡ್ಡಿಯ ತುದಿಯಿಂದ ತುಕ್ಕು ಬಿಡಿಸುವ ಎಣ್ಣೆಯ ಒಂದು ಹನಿಯನ್ನು ಸಂದಿಗೆ ಮುಟ್ಟಿಸಿ ರಾತ್ರಿಯಿಡೀ ಬಿಡಿ. ಸ್ಪ್ರೇ ಮಾಡಿದರೆ ಎಣ್ಣೆ ಸಂದಿಯಲ್ಲಿ ತಾನೇ ಮೇಲಕ್ಕೇರಿ ಪ್ರಿಸಮ್‌ವರೆಗೂ ಹೋಗುತ್ತದೆ. ಮಾರನೇ ದಿನವೂ ಜಗ್ಗದಿದ್ದರೆ ಕೈಬಿಟ್ಟು ರಿಪೇರಿಯವರಿಗೆ ಕೊಡುವುದೇ ಜಾಣತನ.

ಹೊರಬಂದ ಕೂಡಲೇ ಖಾಲಿ ತೂತಿಗೆ ಮುಚ್ಚಳ ಹಾಕಬೇಕು, ಇಲ್ಲವಾದರೆ ತೇವದ ಗಾಳಿಯೂ ದೂಳೂ ಕೊಳವೆಯೊಳಕ್ಕೆ ನುಗ್ಗುತ್ತವೆ. ಕಳಚಿದ ಆಬ್ಜೆಕ್ಟಿವನ್ನು ಉಳಿದವುಗಳ ಹತ್ತಿರ ಇಟ್ಟರೆ ಬೂಷ್ಟು ಹರಡುತ್ತದೆ ಎಂದು ಹೆದರುವವರಿದ್ದಾರೆ. ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ಅವು ಮೊಳೆಯಲು ಬೇಕಾದದ್ದು ತೇವ. ಹಾಗಾಗಿ ಮಳೆಗಾಲದಲ್ಲಿ ಉಪಕರಣವನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಕಟ್ಟಿಡುವುದೇ ದೊಡ್ಡ ತಪ್ಪು. ಕಪಾಟಿನೊಳಗೆ ಸಣ್ಣ ಬಲ್ಬು ಉರಿಯುತ್ತಿರಲಿ. 27 ಡಿಗ್ರಿಯಲ್ಲಿ ಶೇ. 90 ತೇವವಿರುವ ಗಾಳಿಯನ್ನು 35 ಡಿಗ್ರಿಗೆ ಏರಿಸಿದರೆ ಸಾಪೇಕ್ಷ ಆರ್ದ್ರತೆ ಶೇ. 57ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟರಲ್ಲಿ ಬೂಷ್ಟು ಬೆಳೆಯುವುದು ಕಷ್ಟ.

ಹೊಸದನ್ನು ಕೊಳ್ಳುವಾಗ ಹಳೆಯದರ ಮೈಮೇಲಿನ ಬರಹ ಓದಿಕೊಳ್ಳಿ. 160/0.17 ಎಂದಿದ್ದರೆ ಕೊಳವೆಯ ಉದ್ದ 160 ಮಿ.ಮೀ., ಕವರ್‌ಸ್ಲಿಪ್ಪಿನ ದಪ್ಪ 0.17 ಮಿ.ಮೀ. 160ರ ಜಾಗದಲ್ಲಿ ಅನಂತದ ಗುರುತು ಇರುವ ಆಬ್ಜೆಕ್ಟಿವ್ ಇಂಥದ್ದಕ್ಕೆ ಹೊಂದುವುದಿಲ್ಲ. ರಾಯಲ್ ಮೈಕ್ರೋಸ್ಕೋಪಿಕಲ್ ಸೊಸೈಟಿಯ ಹೆಸರಿನ ಹಳೆಯ ಥ್ರೆಡ್, 20.32 ಮಿ.ಮೀ. ವ್ಯಾಸ, ಇಂಚಿಗೆ 36 ಸುತ್ತು, ಈಗಲೂ ಬಹಳ ಕಡೆ ನಡೆಯುತ್ತದೆ. ಅಳತೆ ಒಂದೇ ಆದ್ದರಿಂದ ತಪ್ಪು ಆಬ್ಜೆಕ್ಟಿವ್ ಕೂಡ ಸಲೀಸಾಗಿ ಕೂರುತ್ತದೆ, ಅಪಾಯ ಅದರಲ್ಲೇ. ಹಳೆಯ 36 ಮಿ.ಮೀ. ಉದ್ದದವುಗಳ ನಡುವೆ 45 ಮಿ.ಮೀ.ನದನ್ನು ಕೂರಿಸಿ ನೋಸ್‌ಪೀಸ್ ತಿರುಗಿಸಿದರೆ ಅದು 9 ಮಿ.ಮೀ. ಕೆಳಗೆ ಬಂದು ನೇರ ಸ್ಲೈಡಿಗೆ ಬಡಿಯುತ್ತದೆ.

ಕೂರಿಸುವಾಗ ಮೊದಲು ಬಿಚ್ಚುವ ದಿಕ್ಕಿಗೇ ಮೆಲ್ಲಗೆ ತಿರುಗಿಸಿ. ಥ್ರೆಡ್‌ನ ತುದಿಗಳು ಸಂಧಿಸಿದಾಗ ಸಣ್ಣಗೆ ಕುಸಿದಂತೆ ಕೈಗೆ ತಿಳಿಯುತ್ತದೆ. ಆಮೇಲೆ ಬಿಗಿಯುವ ದಿಕ್ಕಿಗೆ ತಿರುಗಿಸಬೇಕು, ಅದೂ ಬೆರಳ ಬಿಗಿ ಮಾತ್ರ.

ಪರೀಕ್ಷೆಗೆ ಡಯಾಟಮ್, ಎಂದರೆ ಗಾಜಿನಂಥ ಚಿಪ್ಪಿನ ಸೂಕ್ಷ್ಮ ಪಾಚಿ, ಇರುವ ಸ್ಲೈಡ್ ಬೇಕು. ಹತ್ತೊಂಬತ್ತನೇ ಶತಮಾನದಿಂದಲೂ ಪ್ಲೂರೋಸಿಗ್ಮಾ ಆಂಗ್ಯುಲೇಟಮ್ ಎಂಬ ಡಯಾಟಮ್ ಇದಕ್ಕೆ ಬಳಕೆಯಲ್ಲಿದೆ. ಅದರ ಚಿಪ್ಪಿನ ಗೆರೆಗಳ ನಡುವಿನ ಅಂತರ ಸುಮಾರು ಅರ್ಧ ಮೈಕ್ರಾನ್. ಸಂಖ್ಯಾ ದ್ಯುತಿರಂಧ್ರ, ಎಂದರೆ ಬೆಳಕನ್ನು ಹಿಡಿಯುವ ಶಕ್ತಿಯ ಅಳತೆ, 1.25 ಇರುವ ಒಳ್ಳೆಯ 100 ಎಕ್ಸ್ ಸುಮಾರು 0.27 ಮೈಕ್ರಾನ್‌ವರೆಗೆ ಬೇರ್ಪಡಿಸಬಲ್ಲದಾದ್ದರಿಂದ ಗೆರೆಗಳು ಬಿಡಿಬಿಡಿಯಾಗಿ ಕಾಣಲೇಬೇಕು. ಕಾಣದಿದ್ದರೆ ಹೊಸ ಮಸೂರವನ್ನು ಬೈಯುವ ಮುಂಚೆ ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿ. ಎಣ್ಣೆಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡಿದ್ದರೆ ಅಲ್ಲಿ ಕರಿ ಅಂಚಿನ ಬಳೆಯಂತೆ ಕಾಣುತ್ತದೆ. ಎಣ್ಣೆ ಒರೆಸಿ, ಹೊಸ ಹನಿ ಹಾಕಿ, ಮತ್ತೆ ನೋಡಿ.