ಬ್ಲೆಂಡ್, ಮಿಕ್ಸ್‌ಚರ್, ಕಾಂಪೌಂಡ್: ಮೂರೂ ಮಿಶ್ರಣವೇ?

ಪ್ರಶ್ನೆ: ಕಾಫಿ ಪುಡಿಯ ಪೊಟ್ಟಣದ ಮೇಲೆ ಒಂದೆಡೆ ‘ಬ್ಲೆಂಡೆಡ್’ ಎಂದೂ ಅದರ ಕೆಳಗೇ ‘ಮಿಕ್ಸ್‌ಚರ್’ ಎಂದೂ ಇರುತ್ತದೆ. ಇಂಗಿನ ಡಬ್ಬಿಯ ಮೇಲೆ ‘ಕಾಂಪೌಂಡೆಡ್’ ಎಂದಿರುತ್ತದೆ. ಕನ್ನಡದಲ್ಲಿ ಮೂರಕ್ಕೂ ‘ಮಿಶ್ರಣ’ ಎಂದೇ ಹೇಳುತ್ತೇವೆ. ಇವುಗಳ ಅರ್ಥದಲ್ಲಿ ವ್ಯತ್ಯಾಸವಿದೆಯೇ?

ಉತ್ತರ: ಇದೆ. ಬೆರೆತ ಮೇಲೆ ಪದಾರ್ಥಗಳು ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಗಮನಿಸಿದರೆ ಅದು ಬಹುಮಟ್ಟಿಗೆ ತಿಳಿಯುತ್ತದೆ.

‘ಮಿಕ್ಸ್‌ಚರ್’ ಇವುಗಳಲ್ಲಿ ಅತ್ಯಂತ ವ್ಯಾಪಕವಾದ ಪದ. ಕಡಲೆಬೀಜ, ಖಾರಾಸೇವೆ, ಕರಿಬೇವು ಒಂದೊಂದೂ ಬೇರೆಯಾಗಿ ಕಾಣುವ ಬೇಕರಿಯ ತಿನಿಸಿಗೂ, ಉಪ್ಪು ಕರಗಿ ಕಣ್ಮರೆಯಾದ ನೀರಿಗೂ ಅದು ಸಲ್ಲುತ್ತದೆ. ‘ಬ್ಲೆಂಡ್’ ಎನ್ನಬೇಕಾದರೆ ಸೇರಿದವು ಸುಲಭವಾಗಿ ಬೇರೆಬೇರೆಯಾಗಿ ಗುರುತಿಗೆ ಸಿಗಬಾರದು. ಸಾಮಾನ್ಯವಾಗಿ ಒಂದು ರುಚಿಯನ್ನೋ ಗುಣವನ್ನೋ ಬಯಸಿ ಯಾರಾದರೂ ಅಳೆದು ಬೆರೆಸಿರಬೇಕು. ಅರೇಬಿಕಾದ ಪರಿಮಳಕ್ಕೆ ರೊಬಸ್ಟಾದ ಗಡಸುತನ ಕೂಡಿಸುವ ಕೆಲಸಕ್ಕೆ ಈ ಪದವೇ ತಕ್ಕದ್ದು. ಪೊಟ್ಟಣದ ಮೇಲಿನ ‘ಕಾಫಿ ಬ್ಲೆಂಡೆಡ್ ವಿತ್ ಚಿಕೋರಿ’ ಎಂಬ ಸಾಲು ಬೆರೆಸಿದ್ದನ್ನು ತಿಳಿಸಿದರೆ, ‘ದಿಸ್ ಮಿಕ್ಸ್‌ಚರ್ ಕಂಟೇನ್ಸ್’ ಎಂದು ಆರಂಭವಾಗುವ ಸಾಲು ಯಾವುದು ಶೇಕಡಾ ಎಷ್ಟಿದೆ ಎಂಬ ಲೆಕ್ಕ ಕೊಡುತ್ತದೆ. ಇಂಥ ಪುಡಿಯಲ್ಲಿ ಕಾಫಿಯ ಪಾಲು ಶೇ. 51ಕ್ಕಿಂತ ಕಡಿಮೆ ಇರಕೂಡದೆಂಬುದು ನಮ್ಮ ಆಹಾರ ಸುರಕ್ಷತಾ ನಿಯಮ. ಆದ್ದರಿಂದ ಆ ಎರಡನೆಯ ಸಾಲನ್ನು ಓದಿಯೇ ಕೊಳ್ಳಬೇಕು.

ಹೆಚ್ಚು ಗೊಂದಲ ಹುಟ್ಟಿಸುವುದು ‘ಕಾಂಪೌಂಡ್’. ರಸಾಯನಶಾಸ್ತ್ರದಲ್ಲಿ ಅದಕ್ಕೆ ಸಂಯುಕ್ತ ಎಂಬ ಖಚಿತವಾದ ಅರ್ಥವಿದೆ: ಧಾತುಗಳು ನಿಶ್ಚಿತ ಪ್ರಮಾಣದಲ್ಲಿ ರಾಸಾಯನಿಕವಾಗಿ ಕೂಡಿ ತಮ್ಮ ಮೂಲಗುಣವನ್ನು ಕಳೆದುಕೊಂಡಿರಬೇಕು. ಹೈಡ್ರೋಜನ್ ಹೊತ್ತಿ ಉರಿಯುತ್ತದೆ, ಆಮ್ಲಜನಕ ಉರಿಯಲು ನೆರವಾಗುತ್ತದೆ. ಎರಡಕ್ಕೆ ಒಂದರಂತೆ ಅವುಗಳ ಪರಮಾಣುಗಳು ಕೂಡಿ ಆದ ನೀರು ಬೆಂಕಿಯನ್ನು ಆರಿಸುತ್ತದೆ. ಚಿಕೋರಿಯ ಪಾಲನ್ನು ನಮ್ಮ ರುಚಿಗೆ ತಕ್ಕಂತೆ ಹೆಚ್ಚು ಕಡಿಮೆ ಮಾಡಬಹುದು, ನೀರಿನಲ್ಲಿ ಆ ಸ್ವಾತಂತ್ರ್ಯವಿಲ್ಲ. ಆದರೆ ಡಬ್ಬಿಯ ಇಂಗು ಈ ಅರ್ಥದ ಸಂಯುಕ್ತವಲ್ಲ. ತೀಕ್ಷ್ಣವಾದ ಇಂಗಿಗೆ ಹಿಟ್ಟನ್ನೂ ಅಂಟನ್ನೂ ಸೇರಿಸಿ ಹದಗೊಳಿಸಿರುತ್ತಾರೆ, ಅಷ್ಟೆ. ಅಲ್ಲಿರುವುದು ‘ಒಟ್ಟುಗೂಡಿಸು’ ಎಂಬ ಹಳೆಯ ಅರ್ಥ. ಔಷಧಗಳನ್ನು ಅಳೆದು ಬೆರೆಸಿಕೊಡುತ್ತಿದ್ದವರನ್ನು ಊರೂರಿನ ದವಾಖಾನೆಗಳಲ್ಲಿ ಕಾಂಪೌಂಡರ್ ಎಂದು ಕರೆದದ್ದೂ ಇದೇ ಅರ್ಥದಿಂದ.

ಲೋಹಗಳ ಬೆರಕೆಗೆ ‘ಅಲಾಯ್’ ಎಂಬ ಬೇರೆ ಪದವಿದೆ. ತಾಮ್ರ ಮತ್ತು ಸತುವಿನ ಹಿತ್ತಾಳೆಯೂ, ಸತುವೇ ಹೆಚ್ಚಾಗಿರುವ ಬೀದರಿನ ಬಿದ್ರಿಯ ಲೋಹವೂ ಅಲಾಯ್‌ಗಳು. ಬೆರೆತದ್ದರಲ್ಲಿ ಪಾದರಸವಿದ್ದರೆ ಅದು ‘ಅಮಾಲ್ಗಮ್’. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿದ್ದನ್ನು ‘ಅಮಾಲ್ಗಮೇಷನ್’ ಎಂದದ್ದು ಈ ಪದದಿಂದಲೇ ಬಂದ ಬಳಕೆ.

ಇನ್ನೊಂದು ಜೋಡಿಯನ್ನು ಪ್ರಶ್ನೆಯಲ್ಲಿ ಕೇಳದಿದ್ದರೂ ಮಕ್ಕಳಿರುವ ಮನೆಯವರು ತಿಳಿದಿರಲೇಬೇಕು. ‘ಸಲ್ಯೂಷನ್’ ಎಂದರೆ ಪೂರ್ತಿ ಕರಗಿದ ದ್ರಾವಣ. ‘ಸಸ್ಪೆನ್ಷನ್’ನಲ್ಲಿ ಔಷಧದ ಕಣಗಳು ಕರಗದೆ ದ್ರವದಲ್ಲಿ ತೇಲುತ್ತಿದ್ದು, ಬಾಟಲಿಯನ್ನು ಇಟ್ಟಲ್ಲೇ ಇಟ್ಟರೆ ನಿಧಾನವಾಗಿ ತಳಕ್ಕಿಳಿಯುತ್ತವೆ. ಅದನ್ನು ಪ್ರತಿಸಲವೂ ಚೆನ್ನಾಗಿ ಕುಲುಕದೆ ಕೊಟ್ಟರೆ ಮೊದಲ ದಿನಗಳಲ್ಲಿ ಮಗುವಿಗೆ ಔಷಧ ಕಡಿಮೆಯಾಗಿ, ಬಾಟಲಿ ಮುಗಿಯುವ ಹೊತ್ತಿಗೆ ಹೆಚ್ಚಾಗುವ ಸಂಭವವಿದೆ.