ಶಾಲ್ಮಲೆಯ ನೀರು ವರದೆಗೆ ಒಯ್ಯುವ ಮಾತು

ಉತ್ತರ ಕನ್ನಡದ ಬೇಡ್ತಿ ಕೊಳ್ಳದ ನೀರನ್ನು ವರದಾ ನದಿಗೆ ತಿರುಗಿಸುವ ಯೋಜನೆಗೆ ಬೇಡ್ತಿ–ವರದಾ ಜೋಡಣೆ ಅಂತ ಹೆಸರು. ಅದರಲ್ಲಿ ಯಾವ ಹೊಳೆ, ಎಲ್ಲಿ ಕಟ್ಟೆ, ಎಷ್ಟು ನೀರು? ಶಿರಸಿಯಲ್ಲೇ ಕೇಳಿ, ಒಬ್ಬೊಬ್ಬರದು ಒಂದೊಂದು ಉತ್ತರ.

ಮೊದಲು ಹೊಳೆಯ ದಾರಿ. ಶಾಲ್ಮಲಾ ಸಣ್ಣ ಹೊಳೆ. ಶಿರಸಿ ಸೀಮೆಯ ಸೋಂದಾ ಹತ್ತಿರ, ಲಿಂಗಗಳನ್ನು ಕೆತ್ತಿದ ಸಹಸ್ರಲಿಂಗದ ಬಂಡೆಗಳ ಮೇಲೆ ಹರಿದು, ಕಾಡಿನ ಕೊಳ್ಳ ಇಳಿದು ಬೇಡ್ತಿ ಸೇರುತ್ತದೆ. (ಧಾರವಾಡದ ಶಾಲ್ಮಲಾ ಬೇರೆ. ಅದೂ ಬೇಡ್ತಿಗೇ ಬರುತ್ತದೆ, ಗೊಂದಲಕ್ಕೆ ಇಷ್ಟು ಸಾಕಲ್ವಾ?) ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿಯಾಗಿ ಸಮುದ್ರಕ್ಕೆ ಹೋಗುತ್ತದೆ. ವರದೆ ಮಾತ್ರ ಬನವಾಸಿ ಬಳಸಿ ಪೂರ್ವಕ್ಕೆ ತಿರುಗಿ ತುಂಗಭದ್ರೆ ಸೇರುತ್ತದೆ. ನಕ್ಷೆಯಲ್ಲಿ ಎರಡೂ ಹತ್ತಿರ ಕಾಣುತ್ತವೆ. ಆಸೆ ಹುಟ್ಟಿದ್ದೂ ಅಲ್ಲಿಂದಲೇ.

ಸೋದೆ ಅರಸರ ಕಾಲ, ಬ್ರಿಟಿಷರ ತೇಗದ ಕಾಲ ದಾಟಿ 1970ರ ದಶಕದ ಕೊನೆಗೆ ಬರೋಣ. ಆಗ ಬಂದದ್ದು ಬೇಡ್ತಿ ಜಲವಿದ್ಯುತ್ ಯೋಜನೆ, 210 ಮೆಗಾವಾಟ್. ಅಡಿಕೆ, ಕಾಳುಮೆಣಸು, ಏಲಕ್ಕಿಯ ತೋಟಗಳು, ಅವಕ್ಕೆ ಸೊಪ್ಪು ಕೊಡುವ ಬೆಟ್ಟ, ದಟ್ಟ ಕಾಡು, ಎಲ್ಲ ಮುಳುಗುವ ಪಟ್ಟಿಯಲ್ಲಿ. ಇಲ್ಲಿನ ತೋಟಿಗರು ಸುಮ್ನೆ ಘೋಷಣೆ ಕೂಗಲಿಲ್ಲ. ಶಿರಸಿಯ ತೋಟಗಾರ್ಸ್ ಸೊಸೈಟಿ, ಅಂದರೆ ತೋಟಿಗರ ಸಹಕಾರಿ ಸಂಘ, ಮುಂದೆ ನಿಂತು ಲಾಭ–ನಷ್ಟದ ಲೆಕ್ಕ ಹಾಕಿಸಿತು. 1981ರಲ್ಲಿ ವಿಜ್ಞಾನಿಗಳನ್ನು ಶಿರಸಿಗೇ ಕರೆಸಿ ಸಮಾವೇಶ ನಡೆಯಿತು. ಕಾಡಿಗೂ ತೋಟಕ್ಕೂ ಬೆಲೆ ಕಟ್ಟಿದ ಮೇಲೆ ಕರೆಂಟಿನ ಲಾಭ ಸೊರಗಿತು. ಯೋಜನೆ ನಿಂತಿತು. 1983ರಲ್ಲಿ ಇದೇ ಸೀಮೆಯ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡು ಕಾಡು ಉಳಿಸುವ ಅಪ್ಪಿಕೋ ಚಳವಳಿ ಶುರುವಾಯಿತು. ಆ ಕಾಲದ ಜನಕ್ಕೆ ಲೆಕ್ಕ ಕೇಳುವ ರೂಢಿ ಆಗಿಬಿಟ್ಟಿತ್ತು.

ಆಮೇಲೆ ಕರೆಂಟಿನ ಯೋಜನೆ ಹೋಗಿ ನೀರಿನ ಯೋಜನೆ ಬಂತು, ಅದೇ ಈ ಜೋಡಣೆ. ಶಾಲ್ಮಲಾ ಮತ್ತು ಬೇಡ್ತಿಯ ಇನ್ನೊಂದು ಉಪನದಿ ಪಟ್ಟಣದಹಳ್ಳಕ್ಕೆ ಅಣೆಕಟ್ಟು ಕಟ್ಟಿ, ವರ್ಷಕ್ಕೆ 242 ದಶಲಕ್ಷ ಘನ ಮೀಟರ್ ನೀರನ್ನು ವರದೆಯ ಮೂಲಕ ರಾಯಚೂರು ಕಡೆಗೆ ಒಯ್ಯುವ ಮಾತು. ಹೊಸ ವರದಿಯಲ್ಲಿ ಅದು 524ಕ್ಕೆ ಏರಿತು. ಹೊಳೆ ಮಾತ್ರ ಅಷ್ಟೇ ಇದೆ. ಅಂದು ಈ ಕೊಳ್ಳದಿಂದ ಕರೆಂಟ್ ತೆಗೆಯಬೇಕಿತ್ತು, ಈಗ ನೀರೆತ್ತಲು ಕರೆಂಟ್ ಕೊಡಬೇಕು. ನಡುವೆ 2012ರಲ್ಲಿ ಸರ್ಕಾರವೇ ಶಾಲ್ಮಲೆಯ ದಂಡೆಯನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿದೆ.

ಹೆಚ್ಚುವರಿ ನೀರು ಅನ್ನುವವರು ಮಾರ್ಚಿನಲ್ಲಿ ಸಹಸ್ರಲಿಂಗಕ್ಕೆ ಬರಬೇಕು. ಮಳೆಗಾಲದಲ್ಲಿ ಮುಳುಗಿದ್ದ ಲಿಂಗ, ನಂದಿಗಳೆಲ್ಲ ಆಗ ಮೇಲೆದ್ದಿರುತ್ತವೆ. ಪಾಣಿಪೀಠದ ಸುತ್ತ ಕಾಲು ನೆನೆಯುವಷ್ಟು ನೀರು. ಈ ಬೇಸಿಗೆ ಹರಿವಿನಲ್ಲೇ ತೋಟದ ಪಂಪುಗಳೂ ನಡೆಯಬೇಕು, ಗಂಗಾವಳಿಯಲ್ಲಿ ಮೇಲೇರುವ ಉಪ್ಪುನೀರೂ ನಿಲ್ಲಬೇಕು.

ಒಯ್ಯುವುದು ಮಳೆಗಾಲದ ನೀರನ್ನಷ್ಟೇ ಅನ್ನುತ್ತಾರೆ. ಹಾವೇರಿ, ರಾಯಚೂರಿನ ಬಾಯಾರಿಕೆ ಸುಳ್ಳಲ್ಲ. ಆದರೆ ಜೋರು ಮಳೆಯಲ್ಲಿ ವರದೆಯೂ ಉಕ್ಕಿ ಬನವಾಸಿಯ ಗದ್ದೆಗಳನ್ನು ಮುಳುಗಿಸುತ್ತದೆ. ಬೇಡ್ತಿಯ ನೀರು ಅಲ್ಲಿಗೆ ಹೋಗುವುದೂ ಅದೇ ಜುಲೈ, ಆಗಸ್ಟಿನಲ್ಲಿ.