ಸಂಬಳ ಚೀಟಿಯಲ್ಲಿ ಕಾಣಬಾರದ ರಜೆ

ಕೌಟುಂಬಿಕ ದೌರ್ಜನ್ಯ ಅನುಭವಿಸುತ್ತಿರುವ ನೌಕರರಿಗೆ ರಜೆಯ ನಿಯಮ ಮಾಡಲು ಹೊರಟ ಸಂಸ್ಥೆಗಳಲ್ಲಿ ಮೊದಲ ಚರ್ಚೆಯೇ ‘ಎಷ್ಟು ದಿನ’ ಎಂಬುದು. ದಿನದ ಲೆಕ್ಕ ಬೇಕು, ನಿಜ. ಆದರೆ ಈ ರಜೆ ಕೈಕೊಡುವುದು ಹೆಚ್ಚಾಗಿ ದಿನ ಸಾಲದೆ ಅಲ್ಲ, ಗುಟ್ಟು ನಿಲ್ಲದೆ. ತಿಂಗಳ ಕೊನೆಯ ಸಂಬಳ ಚೀಟಿಯಲ್ಲಿ ‘ಡಿ.ವಿ. (ಡೊಮೆಸ್ಟಿಕ್ ವಯೊಲೆನ್ಸ್, ಅಂದರೆ ಕೌಟುಂಬಿಕ ದೌರ್ಜನ್ಯ) ರಜೆ: ಅರ್ಧ ದಿನ’ ಎಂಬ ಒಂದು ಸಾಲು ಸಾಕು. ಆಕೆ ವಕೀಲರನ್ನೋ ಪೊಲೀಸರನ್ನೋ ಕಂಡು ಬಂದಿದ್ದಾಳೆ ಎಂದು ತಿಳಿಯಲು ಹೊಡೆಯುವವನಿಗೆ ಬೇರೆ ಸಾಕ್ಷಿ ಬೇಡ. ಸಂಗಾತಿಯನ್ನು ಬಿಟ್ಟು ಹೊರಡುವ ಹೊತ್ತಿನಲ್ಲೇ ಅಪಾಯ ಏರುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು. ರಜೆ ಬೇಕಾಗುವುದೂ ಸಾಮಾನ್ಯವಾಗಿ ಅದೇ ಹೊತ್ತಿಗೆ.

ಆಸ್ಟ್ರೇಲಿಯಾ ಈ ಎಚ್ಚರವನ್ನು ಕಾನೂನಿನೊಳಗೇ ತಂದಿದೆ. ಅಲ್ಲಿ 2023ರ ಫೆಬ್ರುವರಿ 1ರಿಂದ, 15ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಅದೇ ವರ್ಷದ ಆಗಸ್ಟ್ 1ರಿಂದ, ವರ್ಷಕ್ಕೆ 10 ದಿನಗಳ ಸಂಬಳ ಸಹಿತ ರಜೆಯಿದೆ. ಅರೆಕಾಲಿಕ ನೌಕರರಿಗೂ ಪೂರ್ತಿ 10 ದಿನವೇ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅಷ್ಟೂ ಸಿಗುತ್ತದೆ, ಆದರೆ ಉಳಿದದ್ದನ್ನು ಮುಂದಿನ ವರ್ಷಕ್ಕೆ ಒಯ್ಯುವಂತಿಲ್ಲ. ಸಂಬಳ ಚೀಟಿಯಲ್ಲಿ ಈ ರಜೆಯ ಹೆಸರಾಗಲಿ, ಉಳಿಕೆಯಾಗಲಿ ಬರಕೂಡದು. ಆ ಗಂಟೆಗಳು ಮಾಮೂಲಿ ಕೆಲಸದ ಗಂಟೆಗಳಂತೆಯೇ ಕಾಣಬೇಕು. ನೌಕರರೇ ಕೇಳಿಕೊಂಡರೆ ಬೇರೆ ಬಗೆಯ ರಜೆ ಎಂದು ತೋರಿಸಬಹುದು.

ರಜೆಯ ಗಂಟೆಗಳನ್ನು ಮಾಮೂಲಿ ಕೆಲಸದ ಗಂಟೆಗಳಂತೆ ತೋರಿಸುವುದು ಹೇಳಿದಷ್ಟು ಸುಲಭವಲ್ಲ. ಸಂಬಳದ ತಂತ್ರಾಂಶದಲ್ಲಿ ಹೊಸ ರಜೆಯೊಂದನ್ನು ಸೇರಿಸಿದೊಡನೆ ಅದು ತಾನಾಗಿ ನಾಲ್ಕು ಕಡೆ ಹರಿಯುತ್ತದೆ: ಚೀಟಿಯ ಮೇಲೆ, ಮೇಲಧಿಕಾರಿಗೆ ಹೋಗುವ ಇಮೇಲ್‌ನಲ್ಲಿ, ತಂಡದ ಕ್ಯಾಲೆಂಡರ್‌ನಲ್ಲಿ, ನೌಕರರ ಮೊಬೈಲ್ ಆ್ಯಪ್‌ನಲ್ಲಿ. ಮೊಬೈಲ್ ದೌರ್ಜನ್ಯ ಮಾಡುವವನ ಕೈಗೆ ಸಿಗುವ ವಸ್ತು ಎಂದೇ ಎಣಿಸಬೇಕು. ಸಂಬಳ ಚೀಟಿಯ ಪಾಸ್‌ವರ್ಡ್ ಹುಟ್ಟಿದ ದಿನಾಂಕವಾಗಿದ್ದರಂತೂ ಅದನ್ನು ಬೀಗ ಎನ್ನುವಂತೆಯೇ ಇಲ್ಲ. ಆದ್ದರಿಂದ ಹೊಸ ರಜೆಯನ್ನು ತಂತ್ರಾಂಶಕ್ಕೆ ಸೇರಿಸದೆ, ಅಂದು ಪೂರ್ತಿ ಹಾಜರಿ ಹಾಕಿ, ನಿಜವಾದ ಲೆಕ್ಕವನ್ನು ಬೇರೆ ಕಡತದಲ್ಲಿ ಇಡುವುದು ಸುರಕ್ಷಿತ. ಆ ಕಡತದಲ್ಲಿ ಹೆಸರಿನ ಬದಲು ಒಂದು ಸಂಖ್ಯೆ, ದಿನಾಂಕ, ಗಂಟೆ ಇಷ್ಟೇ ಇರಲಿ. ತೆರೆಯುವ ಅಧಿಕಾರ ಇಬ್ಬರಿಗೆ ಮಾತ್ರ ಇರಲಿ, ಒಬ್ಬರು ರಜೆಯಲ್ಲಿದ್ದರೆ ಇನ್ನೊಬ್ಬರು. ಲೆಕ್ಕಪರಿಶೋಧಕರು ಕೇಳಿಯಾರೆಂದು ಹೆದರುವವರಿದ್ದಾರೆ. ಇಂಥ ಕಡತ ಇಡಲಾಗುತ್ತದೆ ಎಂದು ನಿಯಮದಲ್ಲೇ ಮೊದಲೇ ಬರೆದಿದ್ದರೆ ಅದು ಕಳ್ಳಲೆಕ್ಕವಾಗುವುದಿಲ್ಲ.

ಇನ್ನೊಂದು ಸೋರಿಕೆ ಹಾಜರಾತಿ ಬೋನಸ್. ರಜೆಯ ಹೆಸರನ್ನು ಮುಚ್ಚಿಟ್ಟು ಬೋನಸ್ ಕತ್ತರಿಸಿದರೆ, ಕಡಿಮೆಯಾದ ಮೊತ್ತವೇ ಎಲ್ಲವನ್ನೂ ಹೇಳುತ್ತದೆ. ಶಿಫ್ಟ್ ಭತ್ಯೆ, ಓವರ್‌ಟೈಮ್‌ಗಳ ಕಥೆಯೂ ಅದೇ. ಆಸ್ಟ್ರೇಲಿಯಾದಲ್ಲಿ ಅಂದು ಕೆಲಸ ಮಾಡಿದ್ದರೆ ಎಷ್ಟು ಬರುತ್ತಿತ್ತೋ ಅಷ್ಟನ್ನೂ, ಭತ್ಯೆ ಸೇರಿಸಿ, ಕೊಡಬೇಕು ಎಂದಿರುವುದು ಔದಾರ್ಯಕ್ಕಷ್ಟೇ ಅಲ್ಲ, ಗುಟ್ಟಿಗೂ ಹೌದು.

ದಿನಗಳ ವಿಷಯಕ್ಕೆ ಬಂದರೆ, ನ್ಯೂಜಿಲೆಂಡ್‌ನಲ್ಲಿ 2019ರ ಏಪ್ರಿಲ್ 1ರಿಂದ 10 ದಿನ, ಐರ್ಲೆಂಡ್‌ನಲ್ಲಿ 2023ರ ನವೆಂಬರ್‌ನಿಂದ 5 ದಿನ, ಫಿಲಿಪ್ಪೀನ್ಸ್‌ನಲ್ಲಿ 2004ರ ಕಾನೂನಿನಂತೆ ಮಹಿಳೆಯರಿಗೆ 10 ದಿನ. ಎಲ್ಲವೂ ಸಂಬಳ ಸಹಿತ. ಈ ಅಂಕಿಗಳನ್ನು ನಕಲು ಮಾಡುವ ಮೊದಲು ಆ ದಿನಗಳು ಹೇಗೆ ಖರ್ಚಾಗುತ್ತವೆ ಎಂದು ನೋಡಬೇಕು. ಒಂದು ಲೆಕ್ಕ ಹಾಕೋಣ. ಆಸ್ಪತ್ರೆಗೆ 4 ಗಂಟೆ, ಪೊಲೀಸ್ ಠಾಣೆಗೆ 3, ವಕೀಲರ ಭೇಟಿಗೆ 2, ತಲಾ ಒಂದು ಗಂಟೆಯ 6 ಆಪ್ತಸಮಾಲೋಚನೆ, ನ್ಯಾಯಾಲಯದ 4 ತಾರೀಖುಗಳಿಗೆ ತಲಾ 4 ಗಂಟೆ, ಮನೆ ಬದಲಿಸಲು 16, ಮಗುವಿನ ಶಾಲೆ ಬದಲಿಸಲು 3. ಒಟ್ಟು 50 ಗಂಟೆ, ಅಂದರೆ 8 ಗಂಟೆಯ ದಿನಕ್ಕೆ ಆರೂಕಾಲು ದಿನ. ಇದನ್ನೇ ಪೂರ್ತಿ ದಿನದ ಲೆಕ್ಕದಲ್ಲೇ ತೆಗೆದುಕೊಳ್ಳಬೇಕು ಎಂದರೆ 16 ದಿನ ಬೇಕು. ಗಂಟೆಯ ಲೆಕ್ಕದಲ್ಲಿ ಸಾಕಾಗಿ ಮಿಗುವ 10 ದಿನ, ದಿನದ ಲೆಕ್ಕದಲ್ಲಿ ನಡುದಾರಿಯಲ್ಲೇ ಮುಗಿದುಹೋಗುತ್ತದೆ. ‘10 ದಿನ’ ಎನ್ನುವ ಬದಲು ‘80 ಗಂಟೆ’ ಎಂದು ಬರೆದರೆ ಸಂಸ್ಥೆಗೆ ಒಂದು ಪೈಸೆ ಹೆಚ್ಚು ಖರ್ಚಿಲ್ಲ.

ಪುರಾವೆಯ ಬಗ್ಗೆ ನನ್ನ ಅಭಿಪ್ರಾಯ ಖಂಡಿತ: ಎಫ್‌ಐಆರ್ ಕೇಳಬಾರದು. ಠಾಣೆಗೆ ಹೋಗುವುದೋ ಬೇಡವೋ, ಹೋದರೆ ಯಾವಾಗ ಎಂಬುದು ಆಕೆಯ ಸುರಕ್ಷತೆಯ ಲೆಕ್ಕಾಚಾರ. ರಜೆಗಾಗಿ ಅದನ್ನು ಅವಸರ ಮಾಡಿಸುವ ಹಕ್ಕು ಕಚೇರಿಗಿಲ್ಲ. ಐರ್ಲೆಂಡ್‌ನಲ್ಲಿ ನೌಕರರು ಪುರಾವೆ ಕೊಡಬೇಕೆಂದೇ ಇಲ್ಲ. ಕೇಳಲೇಬೇಕು ಎನ್ನುವ ಸಂಸ್ಥೆ ವೈದ್ಯರ, ವಕೀಲರ, ಆಪ್ತಸಮಾಲೋಚಕರ ಚೀಟಿಯೋ ನ್ಯಾಯಾಲಯದ ಕಾಗದವೋ, ಏನೂ ಇಲ್ಲದಿದ್ದರೆ ನೌಕರರದೇ ಸಹಿಯ ಹೇಳಿಕೆಯೋ, ಯಾವುದಾದರೂ ಒಂದನ್ನು ಒಪ್ಪಬೇಕು. ರಜೆ ಮೊದಲು, ಕಾಗದ ಆಮೇಲೆ. ತಂದದ್ದನ್ನು ನೋಡಿ ವಾಪಸ್ ಕೊಡಿ, ‘ನೋಡಲಾಗಿದೆ’ ಎಂಬ ಷರಾ ಮತ್ತು ದಿನಾಂಕ ಸಾಕು. ನಕಲು ಇಟ್ಟುಕೊಂಡರೆ ಅದನ್ನು ಕಾಯುವ ಹೊಣೆಯೂ ನಿಮ್ಮದಾಗುತ್ತದೆ, ನಾಳೆ ಎದುರು ಪಕ್ಷದವರು ನ್ಯಾಯಾಲಯದ ಮೂಲಕ ಅದನ್ನು ಕೇಳಲೂಬಹುದು.

ರಜೆ ಕೊಟ್ಟ ದಿನವೇ ಮಾಡಬೇಕಾದ, ಬಹುತೇಕರು ಮರೆಯುವ ಕೆಲಸ ನೌಕರರ ವೈಯಕ್ತಿಕ ದಾಖಲೆ ತೆರೆದು ನೋಡುವುದು. ತುರ್ತು ಸಂಪರ್ಕದ ಜಾಗದಲ್ಲಿ ಯಾರ ಹೆಸರಿದೆ? ಎಷ್ಟೋ ಸಲ ಅದು ದೌರ್ಜನ್ಯ ಮಾಡುವವನದೇ. ಬೆಳಿಗ್ಗೆ ಆಕೆ ಬಾರದಿದ್ದರೆ ವಿಷಯ ತಿಳಿಯದ ಸಹೋದ್ಯೋಗಿ ಕಾಳಜಿಯಿಂದಲೇ ಅವನಿಗೆ ಫೋನ್ ಮಾಡಿ, ‘ಇವತ್ತು ಆಫೀಸಿಗೆ ಬಂದಿಲ್ಲವಲ್ಲ’ ಎನ್ನುತ್ತಾರೆ. ಆಮೇಲೆ ವಿಮೆಯ ಪತ್ರ ಯಾವ ವಿಳಾಸಕ್ಕೆ ಹೋಗುತ್ತದೆ, ಭವಿಷ್ಯನಿಧಿಗೆ ನಾಮಿನಿ ಯಾರು, ಸಂಬಳ ಬೀಳುವುದು ಜಂಟಿ ಖಾತೆಗೋ ಎಂದು ನೋಡಬೇಕು. ಖಾತೆ ಬದಲಿಸುವುದರಲ್ಲಿ ಮಾತ್ರ ಕಚೇರಿ ತಾನಾಗಿ ಮುಂದಾಗಬಾರದು. ಜಂಟಿ ಖಾತೆಗೆ ಸಂಬಳ ಬರುವುದು ಫಕ್ಕನೆ ನಿಂತರೆ ಅದೇ ಒಂದು ಸುದ್ದಿ. ಆಕೆ ಹೇಳಿದ ತಿಂಗಳಲ್ಲಿ, ಹೇಳಿದ ಮೊತ್ತ ಮಾತ್ರ ಹೊಸ ಖಾತೆಗೆ ಹೋಗಲಿ. ಗಂಡ ಹೆಂಡತಿ ಒಂದೇ ಕಂಪನಿಯಲ್ಲಿದ್ದು, ಅವನು ಐಟಿಯಲ್ಲೋ ಸಂಬಳದ ವಿಭಾಗದಲ್ಲೋ ಇದ್ದರೆ ಆಕೆಯ ದಾಖಲೆ ಅವನ ಲಾಗಿನ್‌ಗೆ ಸಿಗದಂತೆ ಮಾಡುವುದು ಎಲ್ಲಕ್ಕಿಂತ ಮೊದಲಿನ ಕೆಲಸ.

ಸ್ವಾಗತಕಾರರಿಗೆ ಒಂದೇ ವಾಕ್ಯ ಕಲಿಸಿದರೆ ಸಾಕು: ‘ಯಾರ ಹಾಜರಿಯನ್ನೂ ನಾವು ಫೋನಿನಲ್ಲಿ ಹೇಳುವುದಿಲ್ಲ.’ ಇದನ್ನು ಎಲ್ಲರ ವಿಷಯದಲ್ಲೂ, ಎಲ್ಲ ದಿನವೂ ಹೇಳಬೇಕು. ಆಕೆಯೊಬ್ಬಳ ವಿಷಯದಲ್ಲಿ ಮಾತ್ರ ಹೇಳಿದರೆ ಅದೂ ಸುಳಿವೇ.

ಭಾರತದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ರಜೆಯ ಮಾತಿಲ್ಲ. ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದ 2013ರ ಕಾಯ್ದೆಯಲ್ಲಿ ವಿಚಾರಣೆಯ ಕಾಲಕ್ಕೆ 3 ತಿಂಗಳವರೆಗಿನ ರಜೆಗೆ ಅವಕಾಶವಿದೆ. ಎರಡನ್ನೂ ಕಲಸಿಕೊಂಡು ಮನೆಯ ಹಿಂಸೆಯ ವಿಷಯವನ್ನು ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಕಚೇರಿಯ ಆಂತರಿಕ ಸಮಿತಿಯ ಮುಂದಿಟ್ಟರೆ, ಹೊರಗಿರುವ ಗಂಡನ ಮೇಲೆ ಯಾವ ಅಧಿಕಾರವೂ ಇಲ್ಲದ ಹಲವು ಜನರಿಗೆ ಗುಟ್ಟು ಹಂಚಿದಂತಾಯಿತು, ಅಷ್ಟೇ. ಹಾಗೆಂದು 2005ರ ಕಾಯ್ದೆ ಉದ್ಯೋಗದಾತರಿಗೆ ಸಂಬಂಧವಿಲ್ಲದ್ದಲ್ಲ. ಅದರ 18ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ಆಕೆಯ ಕೆಲಸದ ಸ್ಥಳಕ್ಕೆ ಕಾಲಿಡದಂತೆ ಅವನನ್ನು ತಡೆಯಬಹುದು. 27ರ ಪ್ರಕಾರ ಆಕೆ ಕೆಲಸ ಮಾಡುವ ಊರಿನಲ್ಲೂ ಅರ್ಜಿ ಹಾಕಬಹುದು. 20ರಲ್ಲಿ ಕಳೆದುಕೊಂಡ ಗಳಿಕೆಗೂ ಪರಿಹಾರವಿದೆ. ಸಂಬಳವಿಲ್ಲದ ರಜೆಯಷ್ಟೇ ಕೊಡಬಲ್ಲ ಸಂಸ್ಥೆಯೂ ಕಡಿತವಾದ ದಿನ ಮತ್ತು ಮೊತ್ತ ನಮೂದಿಸಿದ ಪತ್ರವೊಂದನ್ನು ಆಕೆ ಕೇಳಿದಾಗ ಕೊಟ್ಟರೆ ಅದು ನ್ಯಾಯಾಲಯದಲ್ಲಿ ಕೆಲಸಕ್ಕೆ ಬರುತ್ತದೆ. ರಕ್ಷಣಾ ಆದೇಶದ ಪ್ರತಿ ಗೇಟಿನ ಭದ್ರತಾ ಸಿಬ್ಬಂದಿಯ ಬಳಿ ಇಲ್ಲದಿದ್ದರೆ ಕಚೇರಿಯ ಮಟ್ಟಿಗೆ ಆ ಆದೇಶ ಕಾಗದವಷ್ಟೇ. ಅದನ್ನು ಕೊಡುವುದಕ್ಕೂ ಆಕೆಯ ಒಪ್ಪಿಗೆ ಬೇಕು.

ಮೇಲಧಿಕಾರಿಗಳು ಮಾಡುವ ತಪ್ಪು ಬಹುತೇಕ ಒಳ್ಳೆಯ ಮನಸ್ಸಿನದೇ. ಗಂಡನನ್ನು ಕರೆಸಿ ರಾಜಿ ಮಾಡಿಸಲು ಹೋಗುತ್ತಾರೆ, ‘ಇವತ್ತೇ ಮನೆ ಬಿಟ್ಟುಬಿಡಿ’ ಎನ್ನುತ್ತಾರೆ, ಅಥವಾ ‘ಒಂದು ವಾರ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ’ ಎಂದು ಬಲವಂತವಾಗಿ ಕಳಿಸುತ್ತಾರೆ. ಮೂರರಲ್ಲಿ ಕೊನೆಯದು ಅತ್ಯಂತ ಕೆಟ್ಟದ್ದು. ಹಲವರಿಗೆ ದಿನದಲ್ಲಿ ನೆಮ್ಮದಿಯಾಗಿ ಉಸಿರಾಡಲು ಸಿಗುವ ಎಂಟು ಗಂಟೆ ಕಚೇರಿಯದೇ. ಹೊಡೆಯುವವನಿರುವ ಮನೆಯಲ್ಲಿ ರಜೆ ಕಳೆಯುವುದು ವಿಶ್ರಾಂತಿಯಲ್ಲ. ಅಂಥವರಿಗೆ ಬೇಕಾದದ್ದು ಬೇರೆ ಶಾಖೆ, ಬೇರೆ ಶಿಫ್ಟ್, ಬೇರೆ ಫೋನ್ ಎಕ್ಸ್‌ಟೆನ್ಷನ್, ಹೊರಗಿನವರಿಗೆ ಹೆಸರು ಕಾಣದಂಥ ಕೆಲಸ ಇರಬಹುದು. ನ್ಯೂಜಿಲೆಂಡ್‌ನಲ್ಲಿ ರಜೆಯ ಜೊತೆಗೇ ಗರಿಷ್ಠ 2 ತಿಂಗಳವರೆಗೆ ಕೆಲಸದ ವೇಳೆ, ಸ್ಥಳ ಬದಲಿಸಿಕೊಡಿ ಎಂದು ಕೇಳುವ ಹಕ್ಕಿದೆ, ಅದಕ್ಕೆ ಉದ್ಯೋಗದಾತರು 10 ಕೆಲಸದ ದಿನಗಳೊಳಗೆ ಉತ್ತರಿಸಬೇಕು.

ನಿಯಮದ ಭಾಷೆ ಗಂಡಸರನ್ನೂ, ವಯಸ್ಸಾದ ತಂದೆತಾಯಿಯನ್ನೂ, ಮಕ್ಕಳಿಂದ ಏಟು ತಿನ್ನುವವರನ್ನೂ ಹೊರಗಿಡದಿರಲಿ. ಏಜೆನ್ಸಿ ಮೂಲಕ ಬಂದ ಗುತ್ತಿಗೆ ನೌಕರರಿಗೆ ಸಂಬಳ ಕೊಡುವವರು ಯಾರು, ರಜೆ ಮಂಜೂರು ಮಾಡುವವರು ಯಾರು ಎಂದು ಒಪ್ಪಂದದಲ್ಲೇ ಬರೆಯದಿದ್ದರೆ, ‘ಅವರು ನಮ್ಮವರಲ್ಲ’ ಎಂದು ಎರಡೂ ಕಡೆಯವರು ಕೈ ತೊಳೆದುಕೊಳ್ಳುತ್ತಾರೆ. ಇನ್ನು ವಾರ್ಷಿಕ ವರದಿಯಲ್ಲಿ ಈ ರಜೆ ಎಷ್ಟು ಜನ ತೆಗೆದುಕೊಂಡರು ಎಂದು ಹೆಮ್ಮೆಯಿಂದ ಅಚ್ಚು ಹಾಕುವ ಆಸೆಯಿದ್ದರೆ, ಸಂಖ್ಯೆ ಐದಕ್ಕಿಂತ ಕಡಿಮೆಯಿರುವ ವರ್ಷ ಅದನ್ನು ಬಿಟ್ಟುಬಿಡಿ. ಮೂವತ್ತು ಜನರ ಕಚೇರಿಯಲ್ಲಿ ‘1’ ಎಂದು ಬರೆಯುವುದೂ ಹೆಸರು ಬರೆಯುವುದೂ ಒಂದೇ.